ಮಳೆಗಾಲದ ಮಲೆನಾಡಿನಲ್ಲಿ ಕಪ್ಪೆ, ಹಾವುಗಳನ್ನು ನೋಡಲು ರಾತ್ರಿ ನಡೆಯುವ ಕ್ರಮ

ಮೃಗಶಿರಾ ಮಳೆ ಹಿಡಿದು ಹಳ್ಳಗಳಲ್ಲಿ ನೀರು ಓಡಲು ತೊಡಗಿದ ಮೇಲೆ, ಅಂದರೆ ಜೂನ್ ಮಧ್ಯದಿಂದ ಸೆಪ್ಟೆಂಬರ್‌ವರೆಗೆ, ಆಗುಂಬೆ, ತೀರ್ಥಹಳ್ಳಿ, ಹೊಸನಗರಗಳ ಕಾಡಂಚು ಕಪ್ಪೆಗಳ ಕೂಗಿನಿಂದ ತುಂಬಿಕೊಳ್ಳುತ್ತದೆ. ಆದರೆ ಧೋ ಎಂದು ಸುರಿಯುವ ಮಳೆಯಲ್ಲಿ ಹೊರಟರೆ ಕೂಗೂ ಕೇಳಿಸದು, ಕಾಲಿಡುವ ಜಾಗವೂ ಕಾಣದು. ಮಳೆ ಹೊಳವಾಗಿ ಎಲೆಗಳಿಂದ ಹನಿ ಮಾತ್ರ ಉದುರುತ್ತಿರುವ, ಗಾಳಿಯಿಲ್ಲದ ರಾತ್ರಿಯಲ್ಲಿ ಏಳು ಗಂಟೆಯಿಂದ ಹತ್ತರವರೆಗೆ ನಡೆಯುವುದು ಉತ್ತಮ.

ಮೀಸಲು ಅರಣ್ಯಕ್ಕೂ ಸೋಮೇಶ್ವರದಂತಹ ಅಭಯಾರಣ್ಯಕ್ಕೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಕಾಲಿಡಬಾರದು. ಅದರಿಂದ ನಷ್ಟವೇನೂ ಇಲ್ಲ, ಏಕೆಂದರೆ ಅಡಿಕೆ ತೋಟದ ಬಸಿಗಾಲುವೆ, ಮನೆಯ ಹಿಂದಿನ ಕೆರೆ, ತೋಟದ ಮೇಲಿನ ಹಳ್ಳದ ದಂಡೆ ಇವೇ ಕಪ್ಪೆಗಳಿಗೆ ಪ್ರಿಯವಾದ ಜಾಗಗಳು; ಜಮೀನಿನವರ ಒಪ್ಪಿಗೆ ಪಡೆದರೆ ಸಾಕು. ಆ ಜಾಗವನ್ನು ಹಗಲಿನಲ್ಲಿಯೂ ಬಲ್ಲ ಸ್ಥಳೀಯ ಮಾರ್ಗದರ್ಶಕರು ಜೊತೆಗಿರಲೇಬೇಕು, ಗುಂಪು ಆರು ಜನರನ್ನು ಮೀರಬಾರದು. ಹಾವನ್ನು ಹಿಡಿದು ತೋರಿಸುತ್ತೇನೆ ಎನ್ನುವವರ ಜೊತೆ ಹೋಗಲೇಬೇಡಿ. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972 ಅದಕ್ಕೆ ಅವಕಾಶ ಕೊಡುವುದಿಲ್ಲ ಎಂಬುದು ಒಂದು ಕಾರಣವಾದರೆ, ಹಿಡಿದ ಹಾವಿನಲ್ಲಿ ಅದು ಬದುಕುವ ರೀತಿಯನ್ನು ನೋಡಲು ಏನೂ ಉಳಿದಿರುವುದಿಲ್ಲ ಎಂಬುದು ಇನ್ನೊಂದು.

ಮೊಣಕಾಲಿನವರೆಗೆ ಬರುವ ಗಂಬೂಟು, ಉದ್ದ ತೋಳಿನ ಅಂಗಿ, ಉಂಬಳ (ಜಿಗಣೆ) ಒಳಸೇರದಂತೆ ಬಿಗಿಯಾಗಿ ನೇಯ್ದ ಕಾಲುಚೀಲ ಬೇಕು. ಉಂಬಳಕ್ಕೆಂದು ಉಪ್ಪು, ಹೊಗೆಸೊಪ್ಪಿನ ಪುಡಿ ಬಳಿದುಕೊಂಡು ಹಳ್ಳಕ್ಕೆ ಇಳಿಯಬೇಡಿ. ಕಪ್ಪೆಗಳು ಚರ್ಮದ ಮೂಲಕವೇ ನೀರನ್ನು ಹೀರಿಕೊಳ್ಳುವುದರಿಂದ ನೀರಿಗೆ ಸೇರಿದ್ದೆಲ್ಲವೂ ಅವುಗಳ ಮೈ ಸೇರುತ್ತದೆ. ಸೊಳ್ಳೆ ಮುಲಾಮು ಹಚ್ಚಿದ ಕೈಯಿಂದ ಕಪ್ಪೆಯನ್ನು ಮುಟ್ಟಬಾರದೆಂಬುದಕ್ಕೂ ಇದೇ ಕಾರಣ, ಬರಿಗೈಯಿಂದಲೂ ಮುಟ್ಟದಿರುವುದು ಇನ್ನೂ ಒಳ್ಳೆಯದು. ಮಳೆ ನಿಂತ ಮೇಲೆ, ಅದರಲ್ಲಿಯೂ ಡಿಸೆಂಬರ್‌ನಿಂದ ಮೇವರೆಗೆ, ಉಣುಗುಗಳಿಂದ ಹರಡುವ ಮಂಗನ ಕಾಯಿಲೆಯ ಭಯವಿರುವುದರಿಂದ, ತೋಟಕ್ಕೆ ಸೊಪ್ಪು ತರುವ ಕಾಡುಗಳಾದ ಸೊಪ್ಪಿನಬೆಟ್ಟಗಳಲ್ಲಿ ಈ ನಡಿಗೆಯನ್ನು ನಾನು ನಡೆಸುವುದಿಲ್ಲ. ಆ ರೋಗವನ್ನು 1957ರಲ್ಲಿ ಮೊದಲು ಗುರುತಿಸಿದ್ದೇ ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ.

ಟಾರ್ಚನ್ನು ಸೊಂಟದ ಮಟ್ಟದಲ್ಲಿ ಹಿಡಿದರೆ ಬಹಳಷ್ಟು ತಪ್ಪಿಹೋಗುತ್ತದೆ. ಬೆಳಕು ನಿಮ್ಮ ಕಣ್ಣಿನ ಪಕ್ಕದಿಂದಲೇ ಹೊರಟರೆ ಮಾತ್ರ ಕಪ್ಪೆಯ ಕಣ್ಣಿನ ಹೊಳಪು ನೇರವಾಗಿ ನಿಮ್ಮ ಕಣ್ಣಿಗೆ ಮರಳುತ್ತದೆ. ಆದ್ದರಿಂದ ಹಣೆಗೆ ಕಟ್ಟುವ ದೀಪ ಅನುಕೂಲ. ಎಲೆಗಳ ಮೇಲೆ ಸೂಜಿಮೊನೆಯಷ್ಟು ಮಿನುಗುವ ಚುಕ್ಕೆಗಳು ಹೆಚ್ಚಾಗಿ ಜೇಡನ ಕಣ್ಣುಗಳು. ಹಾವಿನ ಕಣ್ಣು ಹೀಗೆ ಹೊಳೆಯುವುದಿಲ್ಲವಾದುದರಿಂದ ಅದನ್ನು ಆಕಾರದಿಂದಲೇ ಗುರುತಿಸಬೇಕು: ರೆಂಬೆಯ ಮೇಲೆ ಕಾರಣವಿಲ್ಲದ ಒಂದು ದಪ್ಪ, ಬಳ್ಳಿಗೆ ಹೊಂದದ ಒಂದು ಸುರುಳಿ. ಮಲಬಾರ್ ಪಿಟ್ ವೈಪರ್ ಎಂಬ ವಿಷದ ಹಾವು ಹಸಿರು, ಕಂದು, ಹಳದಿ ಹೀಗೆ ಹಲವು ಬಣ್ಣಗಳಲ್ಲಿ ಇರುವುದರಿಂದ ಬಣ್ಣವನ್ನು ನಂಬುವಂತಿಲ್ಲ. ಹಗಲಿನ ಜೀವಿಗಳಾದ ಓತಿಕ್ಯಾತ, ಹಸಿರುಹಾವುಗಳು ತೆಳುವಾದ ರೆಂಬೆಗಳ ಮೇಲೆ ಮಲಗಿರುತ್ತವೆ; ಅವುಗಳ ಮೇಲೆ ಬೆಳಕನ್ನು ಕೆಲವು ಕ್ಷಣಗಳಿಗಿಂತ ಹೆಚ್ಚು ನಿಲ್ಲಿಸಿ ನಿದ್ದೆ ಕೆಡಿಸಬಾರದು. ಆಗುಂಬೆಗೆ ಬಂದವರೆಲ್ಲ ಕಾಳಿಂಗವನ್ನು ಕೇಳುತ್ತಾರೆ. ಪಶ್ಚಿಮ ಘಟ್ಟದ ಈ ಹಾವಿಗೆ 2024ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರಿನಲ್ಲಿಯೂ ಕನ್ನಡದ ‘ಕಾಳಿಂಗ’ವೇ ಇದೆ, ಆದರೆ ಅದು ಹಗಲಿನ ಬೇಟೆಗಾರ, ರಾತ್ರಿ ಅದನ್ನು ಅರಸಬೇಡಿ.

ಇಷ್ಟಾದರೂ ಕಣ್ಣಿಗಿಂತ ಕಿವಿಯೇ ಮುಖ್ಯವೆಂದು ನಾನು ನಂಬಿದ್ದೇನೆ. ಹೊಸ ಜಾಗವನ್ನು ತಲುಪಿದೊಡನೆ ಎಲ್ಲರೂ ದೀಪ ಆರಿಸಿ, ಮಾತು ನಿಲ್ಲಿಸಿ, ಹತ್ತು ನಿಮಿಷ ನಿಂತುಬಿಡಬೇಕು. ನಿಮ್ಮ ಹೆಜ್ಜೆಯ ಸದ್ದಿಗೆ ಸುಮ್ಮನಾಗಿದ್ದ ಗಂಡು ಕಪ್ಪೆಗಳು ಒಂದೊಂದಾಗಿ ಮತ್ತೆ ಕೂಗಲು ಶುರುಮಾಡುತ್ತವೆ. ಪೊದೆಗಪ್ಪೆಗಳು ಹೆಬ್ಬೆರಳಿನ ಉಗುರಿನಷ್ಟೇ ಇದ್ದರೂ ಕೂಗು ದೊಡ್ಡದು, ಮತ್ತು ಅದು ಎಲ್ಲಿಂದ ಬರುತ್ತಿದೆ ಎಂದು ಒಬ್ಬರಿಗೆ ತಿಳಿಯುವುದೇ ಇಲ್ಲ. ಇದಕ್ಕೊಂದು ಉಪಾಯವಿದೆ: ಇಬ್ಬರು ನಾಲ್ಕೈದು ಹೆಜ್ಜೆ ಅಂತರದಲ್ಲಿ ನಿಂತು, ಕೂಗು ಬಂತೆಂದು ತಮಗೆ ಅನ್ನಿಸಿದ ದಿಕ್ಕಿಗೆ ಕೈ ತೋರಿಸಬೇಕು, ಎರಡು ಗೆರೆಗಳು ಸೇರುವಲ್ಲಿ, ಎಲೆಯ ಮೇಲೋ ಅಡಿಯಲ್ಲೋ, ಗಂಟಲ ಚೀಲ ಉಬ್ಬಿಸಿಕೊಂಡ ಕಪ್ಪೆ ಸಿಗುತ್ತದೆ. ಈ ಪೊದೆಗಪ್ಪೆಗಳಿಗೆ ನೀರಿನಲ್ಲಿ ಈಜುವ ಗೊದಮೊಟ್ಟೆಯ ಹಂತವಿಲ್ಲ, ಮೊಟ್ಟೆಯಿಂದ ನೇರವಾಗಿ ಮರಿಕಪ್ಪೆಯೇ ಹೊರಬರುತ್ತದೆ. ಕೆರೆಯ ಮೇಲೆ ಬಾಗಿದ ಕೊಂಬೆಗಳಲ್ಲಿ ಬಿಳಿಯ ನೊರೆಮುದ್ದೆ ಕಂಡರೆ ಅದು ಮಲಬಾರಿನ ಹಾರುವ ಕಪ್ಪೆಯ ಗೂಡಾಗಿರಬಹುದು. ಗೊದಮೊಟ್ಟೆಗಳು ಅದರಿಂದ ಕೆಳಗಿನ ನೀರಿಗೆ ಉದುರುತ್ತವೆಯಾದ್ದರಿಂದ ಆ ಕೊಂಬೆಯನ್ನು ಬಗ್ಗಿಸುವುದೂ ತಪ್ಪು. ಹಳ್ಳದ ದಂಡೆಯಲ್ಲಿ ಎಚ್ಚರದಿಂದ ಕಾಲಿಡಬೇಕು. 2014ರಲ್ಲಿ ಕಪ್ಪೆಗಳ ಸಂಶೋಧಕ ಕೆ.ವಿ. ಗುರುರಾಜ ಮತ್ತು ಸಂಗಡಿಗರು ಉತ್ತರ ಕನ್ನಡದ ಕತ್ತಲೆಕಾನಿನಿಂದ ಲೋಕಕ್ಕೆ ಪರಿಚಯಿಸಿದ ಕುಂಬಾರ ಕಪ್ಪೆಯ ಗಂಡು, ಕಡ್ಡಿಗಳಿಗೆ ಅಂಟಿದ ಮೊಟ್ಟೆಗಳ ಮೇಲೆ ಕೆಸರನ್ನು ಮೆತ್ತಿ ಕಾಪಾಡುತ್ತದೆ, ಮತ್ತು ಬೂಟಿನ ಒಂದು ತುಳಿತಕ್ಕೆ ಆ ಕೆಲಸವೆಲ್ಲ ಹಾಳಾಗುತ್ತದೆ. ಮೂರು ಗಂಟೆಯಲ್ಲಿ 300 ಮೀಟರ್ ದಾಟಿದ್ದರೆ ನೀವು ಅವಸರ ಮಾಡಿದ್ದೀರಿ ಎಂದೇ ತಿಳಿಯಿರಿ.

ಹಾವಿನಿಂದ ಕನಿಷ್ಠ ಎರಡು ಮೀಟರ್ ದೂರ ನಿಲ್ಲಿ. ನೋಡದ ಜಾಗದಲ್ಲಿ ಕೈ ಊರಬೇಡಿ, ಮರದ ಕೊಂಬೆಯನ್ನು ಆಸರೆಗೆಂದು ಹಿಡಿಯಬೇಡಿ. ಕಚ್ಚಿದರೆ ಕಟ್ಟು ಕಟ್ಟದೆ, ಗಾಯ ಕೊಯ್ಯದೆ, ಆ ಅಂಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಹೋಗಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷವನ್ನು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕಾಗಿ ತಯಾರಿಸಲಾಗಿದೆ. ಪಿಟ್ ವೈಪರ್‌ಗಳ ವಿಷಕ್ಕೆ ಅದನ್ನು ನೆಚ್ಚುವಂತಿಲ್ಲವಾದ್ದರಿಂದ ಕಚ್ಚಿದ್ದು ಯಾವುದೆಂದು ಮಾರ್ಗದರ್ಶಕರು ವೈದ್ಯರಿಗೆ ತಿಳಿಸಬೇಕು.

ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮೊದಲು ಬೂಟಿನ ಕೆಸರನ್ನು ಉಜ್ಜಿ ತೊಳೆದು ಒಣಗಿಸಿ, ಏಕೆಂದರೆ ಕಪ್ಪೆಗಳ ಚರ್ಮಕ್ಕೆ ತಗಲುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಮಣ್ಣಿನೊಡನೆ ಸಾಗಬಲ್ಲದು. ಮರಳುವಾಗ ವಾಹನವನ್ನು ನಿಧಾನವಾಗಿ ನಡೆಸಿ. ಮಳೆಯ ರಾತ್ರಿ ಕಪ್ಪೆಗಳೂ ಹಾವುಗಳೂ ರಸ್ತೆ ದಾಟುತ್ತಿರುತ್ತವೆ.