ಎ-ಲೆವೆಲ್ ಹಿಸ್ಟರಿ ಎನ್‌ಇಎ: ಅಪ್ಪ ಅಮ್ಮ ದೂರ ಇರಿ

ಇಂಗ್ಲೆಂಡಿನಲ್ಲಿ ಮಕ್ಕಳು ಎ-ಲೆವೆಲ್‌ಗೆ (ನಮ್ಮ ಪಿಯುಸಿ ತರಹದ್ದು) ಹಿಸ್ಟರಿ ತೆಗೆದುಕೊಂಡಿದ್ದರೆ ಎನ್‌ಇಎ (ನಾನ್-ಎಕ್ಸಾಮ್ ಅಸೆಸ್‌ಮೆಂಟ್) ಅನ್ನುವ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ತಾವೇ ಪ್ರಶ್ನೆ ಹುಡುಕಿ, ತಾವೇ ಓದಿ ಬರೆಯುವ ದೊಡ್ಡ ಪ್ರಬಂಧ ಅದು. ಎಷ್ಟು ಉದ್ದ ಅನ್ನುವುದು ಪರೀಕ್ಷೆ ನಡೆಸುವ ಬೋರ್ಡ್ ಮೇಲೆ ಹೋಗುತ್ತದೆ, 3,000ದಿಂದ 4,500 ಪದ. ಒಟ್ಟು ಅಂಕದಲ್ಲಿ ಶೇ 20.

ನಮ್ಮವರು ಎಡವುವುದು ಒಂದೇ ಕಡೆ. ಊರಲ್ಲಿ ಪ್ರಾಜೆಕ್ಟ್ ಅಂದರೆ ಮನೆಮಂದಿಗೆಲ್ಲ ಕೆಲಸ, ಅಲ್ವಾ? ಅಮ್ಮ ಬರೆದುಕೊಡುತ್ತಾಳೆ, ಅಪ್ಪ ಪ್ರಿಂಟ್ ತೆಗೆಸಿಕೊಂಡು ಬರುತ್ತಾನೆ, ಟೀಚರ್‌ಗೂ ಅದು ಗೊತ್ತು. ಇಲ್ಲಿ ನೀವು ಪುಸ್ತಕ ತಂದುಕೊಡಬಹುದು, ವಿಷಯದ ಬಗ್ಗೆ ಮಾತಾಡಬಹುದು, ಆದರೆ 'ಇದನ್ನು ಸೇರಿಸು, ಅದನ್ನು ತೆಗೆ' ಅನ್ನುವಂತಿಲ್ಲ. ನಿಯಮವೇ ಹಾಗಿದೆ. ಇದು ನನ್ನದೇ ಕೆಲಸ ಅಂತ ಹುಡುಗ ಸಹಿ ಹಾಕಬೇಕು, ಹೌದು ಅಂತ ಟೀಚರೂ ಹಾಕಬೇಕು. ಟೀಚರ್ ಹಾಕದಿದ್ದರೆ ಸೊನ್ನೆ.

ಪರಿಚಯದವರೊಬ್ಬರು ಟ್ಯೂಟರ್‌ಗೆ ನೂರಾರು ಪೌಂಡ್ ಸುರಿದು ಮಗನ ಡ್ರಾಫ್ಟ್ 'ಪಾಲಿಶ್' ಮಾಡಿಸಿದರು. ಕ್ಲಾಸಲ್ಲಿ ಅವನು ಬರೆಯುವ ಇಂಗ್ಲಿಷೇ ಬೇರೆ, ಇದೇ ಬೇರೆ. ಟೀಚರ್ ಕರೆದು ಕೇಳಿದರೆ ತನ್ನದೇ ಪ್ಯಾರಾ ವಿವರಿಸಲು ಅವನಿಗೆ ಬರಲಿಲ್ಲ. ಈಸ್ಟರ್ ರಜೆಯೆಲ್ಲ ಕೂತು ಮೊದಲಿಂದ ಬರೆದ, ದುಡ್ಡಂತೂ ವಾಪಸ್ ಬರಲಿಲ್ಲ. ಚಾಟ್‌ಜಿಪಿಟಿಯಲ್ಲಿ ಬರೆಸಿ ತನ್ನದು ಅಂತ ಕೊಟ್ಟರೂ ಇದೇ ಗತಿ, ಜಾಸ್ತಿ ಆದರೆ ಡಿಸ್‌ಕ್ವಾಲಿಫೈ ಕೂಡ ಮಾಡಬಹುದು. ಬಿಗಿ ಅನ್ನಿಸಬಹುದು, ಆದರೆ ನನ್ನ ಕೇಳಿದರೆ ನಮ್ಮ ಕತ್ತರಿಸಿ ಅಂಟಿಸುವ ಪ್ರಾಜೆಕ್ಟಿಗಿಂತ ಇದೇ ವಾಸಿ.

ನಮ್ಮ ಮಕ್ಕಳು ವಿಷಯವಾಗಿ ಟಿಪ್ಪುವನ್ನು ಆರಿಸಬಹುದು. ಆರಿಸಲಿ, ಆದರೆ 'ವೀರನೋ ಕ್ರೂರಿಯೋ' ಅನ್ನುವ ವಾಟ್ಸಾಪ್ ಜಗಳ ಬೇಡ. ಎಕ್ಯೂಎ ಬೋರ್ಡ್ ಸುಮಾರು 100 ವರ್ಷದ ಹರವು ಕೇಳುತ್ತದೆ, ಮೈಸೂರಿನ ನಾಲ್ಕು ಯುದ್ಧಗಳು 1767ರಿಂದ 1799ಕ್ಕೇ ಮುಗಿಯುತ್ತವೆ. ಹಾಗಾಗಿ ಈಸ್ಟ್ ಇಂಡಿಯಾ ಕಂಪನಿ ಆಳ್ವಿಕೆ ಹೇಗೆ ಹಬ್ಬಿತು ಅಂತ 1857ರ ತನಕ ಎಳೆದರೆ ಸರಿಹೋಗುತ್ತದೆ. ಟಿಪ್ಪುವಿನ ಪತ್ರಗಳನ್ನು 1811ರಲ್ಲಿ ಇಂಗ್ಲಿಷಿನಲ್ಲಿ ಅಚ್ಚು ಹಾಕಿಸಿದ ಕರ್ಕ್‌ಪ್ಯಾಟ್ರಿಕ್ ಕಂಪನಿಯ ಸೇನಾಧಿಕಾರಿ. ಅವನು ಯಾವ ಪತ್ರ ಆರಿಸಿದ, ಯಾಕೆ ಅಂತ ಕೇಳಿಕೊಂಡರೆ ಅಂಕ ಅಲ್ಲಿದೆ. ಸುಮ್ನೆ ಕಥೆ ಹೇಳಿದರೆ ಇಲ್ಲ.

ಪ್ರಶ್ನೆಯನ್ನು ಟೀಚರ್‌ಗೆ ಮೊದಲೇ ತೋರಿಸಲಿ. ಬರೆದ ಮೇಲೆ ಅವರೂ ಸಾಲು ಸಾಲಾಗಿ ತಿದ್ದಿಕೊಡುವಂತಿಲ್ಲ.