ಕಿರಿಯ ಫಿಸಿಯೋಥೆರಪಿಸ್ಟ್‌ಗಳು ಕ್ಲಿನಿಕ್‌ನಲ್ಲಿ ನೆಲೆ ನಿಲ್ಲಬೇಕಾದರೆ
ಕ್ಲಿನಿಕ್‌ಗೆ ಹೊಸದಾಗಿ ಸೇರುವ ಫಿಸಿಯೋಥೆರಪಿಸ್ಟ್‌ಗೆ ಆರಂಭದಿಂದಲೇ ಕೆಲವು ರೋಗಿಗಳನ್ನು ಮೊದಲ ತಪಾಸಣೆಯಿಂದ ಚಿಕಿತ್ಸೆ ಮುಗಿಯುವವರೆಗೆ ಪೂರ್ತಿಯಾಗಿ ವಹಿಸಿಕೊಡಿ; ಈ ಮಾತನ್ನು ಸಂದರ್ಶನದಲ್ಲೇ ತಿಳಿಸಿ, ನೇಮಕಾತಿ ಪತ್ರದಲ್ಲಿಯೂ ಬರೆಯಿರಿ. ಇಂಟರ್ನ್‌ಶಿಪ್ ಸೇರಿ ನಾಲ್ಕೂವರೆ ವರ್ಷ ಬಿಪಿಟಿ (ಫಿಸಿಯೋಥೆರಪಿ ಪದವಿ) ಓದಿ ಬಂದವರನ್ನು ದಿನವಿಡೀ ನೋವು ಕಡಿಮೆ ಮಾಡಲು ವಿದ್ಯುತ್ ಹಾಯಿಸುವ ಐಎಫ್‌ಟಿ ಯಂತ್ರದ ಪ್ಯಾಡ್ ಅಂಟಿಸುವುದಕ್ಕೆ, ಅಲ್ಟ್ರಾಸೌಂಡ್ ಜೆಲ್ ಹಚ್ಚುವುದಕ್ಕೆ ನಿಲ್ಲಿಸಿದರೆ ಅವರ ಕೈ ಪಳಗುವುದಿಲ್ಲ, ಕೈ ಪಳಗದ ಕಡೆ ಸಂಬಳ ಸ್ವಲ್ಪ ಹೆಚ್ಚಿಸಿದರೂ ಅವರು ಬಹುಕಾಲ ಉಳಿಯುವುದಿಲ್ಲ. ಭುಜ ಬಿಗಿದುಕೊಂಡು ಬಂದ ರೋಗಿಯೊಬ್ಬರು ಕೆಲವು ತಿಂಗಳ ವ್ಯಾಯಾಮದ ನಂತರ ತಾವೇ ಕೈ ಎತ್ತಿ ತಲೆ ಬಾಚಿಕೊಳ್ಳುವಂತಾದಾಗ, ಆ ಗುಣಕ್ಕೆ ತಾನೇ ಕಾರಣ ಎಂಬ ಸಮಾಧಾನ ಆ ಕಿರಿಯ ಫಿಸಿಯೋಥೆರಪಿಸ್ಟ್‌ಗೆ ಸಿಗಬೇಕು. ವಹಿಸಿಕೊಡುವುದೆಂದರೆ ಕೈಬಿಡುವುದಲ್ಲವಾದ್ದರಿಂದ, ವಾರಕ್ಕೊಮ್ಮೆ ಅರ್ಧ ಗಂಟೆ ಜೊತೆಗೆ ಕುಳಿತು ಕೇಸ್ ಶೀಟ್‌ನಲ್ಲಿರುವ ಗೋನಿಯೋಮೀಟರ್ (ಕೀಲು ಎಷ್ಟು ಬಾಗುತ್ತದೆಂದು ಅಳೆಯುವ ಸಾಧನ) ಅಳತೆಗಳನ್ನು ನೋಡಿ ಚರ್ಚಿಸುವುದನ್ನು ದಯವಿಟ್ಟು ತಪ್ಪಿಸಬೇಡಿ. ಹಳೆಯ ರೋಗಿಗಳು ದೊಡ್ಡ ಡಾಕ್ಟರೇ ನೋಡಬೇಕೆಂದು ಪಟ್ಟು ಹಿಡಿಯುತ್ತಾರೆ; ಆದ್ದರಿಂದ ಹೊಸ ರೋಗಿಗಳನ್ನೇ ಕಿರಿಯರಿಗೆ ಒಪ್ಪಿಸುವುದು ಒಳ್ಳೆಯದು. ಇಬ್ಬರಿಗೆ ಸಾಲುವಷ್ಟು ರೋಗಿಗಳೇ ಬಾರದ ಕ್ಲಿನಿಕ್‌ನಲ್ಲಿ ಇದು ನಡೆಯುವುದಿಲ್ಲ. ಸ್ನಾತಕೋತ್ತರ ಪದವಿಯಾದ ಎಂಪಿಟಿಗೋ ವಿದೇಶಕ್ಕೋ ಹೋಗಲು ಈಗಾಗಲೇ ತೀರ್ಮಾನಿಸಿದವರನ್ನೂ ಇದು ತಡೆಯದು. ಬಿಟ್ಟುಹೋದ ಮೇಲೆ ಹತ್ತಿರದಲ್ಲಿ ಕ್ಲಿನಿಕ್ ತೆರೆಯಬಾರದೆಂಬ ಷರತ್ತನ್ನು ಕೆಲವರು ನೆಚ್ಚಿಕೊಳ್ಳುತ್ತಾರೆ. ಉದ್ಯೋಗಿಯ ವಿಷಯದಲ್ಲಿ ಅಂಥ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ.