ಶೋಪನ್‌ನ ಇ ಮೈನರ್ ಪ್ರೆಲ್ಯೂಡ್: ನಾನು ಬಿಡಿಸಿ ನೋಡಿದ ರೀತಿ

ಪಿಯಾನೋ ಸಂಗೀತಕಾರ ಶೋಪನ್‌ನ 24 ಪ್ರೆಲ್ಯೂಡ್‌ಗಳು (ಚಿಕ್ಕ ಪಿಯಾನೋ ರಚನೆಗಳು) ಪ್ರಕಟವಾದದ್ದು 1839ರಲ್ಲಿ. ಅದರಲ್ಲಿ ನಾಲ್ಕನೆಯದು ಇ ಮೈನರ್‌ನದು, ಅಂದರೆ ಇ ಸ್ವರವೇ ಅದರ ಮನೆ. ಒಂದೇ ಪುಟ, 25 ಬಾರ್ (ತಾಳದ ಆವರ್ತದಂಥ ಸಮ ಅಳತೆಯ ತುಂಡುಗಳು). ಬೆರಳಿಗೆ ಅಷ್ಟೇನೂ ಕಷ್ಟವಿಲ್ಲ. ಕಾರ್ಡ್‌ಗಳಿಗೆ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳಿಗೆ) ಹೆಸರು ಕೊಡಲು ಕೂತರೆ ಮಾತ್ರ ತಲೆ ಕೆಡುತ್ತದೆ.

ರಾಗ ಕೇಳಿ ಬೆಳೆದ ಕಿವಿ ಮೊದಲು ಬಲಗೈ ಕಡೆಗೇ ಹೋಗುತ್ತದೆ ಅಲ್ವಾ? ಅಲ್ಲಿ ಸಿಗುವುದು ಕಡಿಮೆ. ಆರಂಭದ ಬಾರ್‌ಗಳಲ್ಲಿ ಬಿ, ಸಿ, ಮತ್ತೆ ಬಿ, ಅಷ್ಟೇ. ಹಾಗಾಗಿ ಬಲಗೈ ಸಾಲನ್ನು ಕಾಗದದಿಂದ ಮುಚ್ಚಿ ಎಡಗೈ ಮಾತ್ರ ನುಡಿಸಿದೆ. ಒಂದೇ ಕಾರ್ಡ್ ಪದೇ ಪದೇ ಬರುವಲ್ಲಿ ಒಮ್ಮೆ ಮಾತ್ರ ಒತ್ತಿ, ಬದಲಾದಾಗ ಮುಂದಕ್ಕೆ ಹೋದೆ.

ಆಗ ಕಂಡದ್ದು ಇದು: ಕಾರ್ಡ್‌ನ ಮೂರು ಸ್ವರಗಳಲ್ಲಿ ಹೆಚ್ಚಾಗಿ ಒಂದೋ ಎರಡೋ ಅರ್ಧ ಸ್ವರ (ಪಿಯಾನೋದ ಪಕ್ಕದ ಕೀಲಿಗೆ) ಇಳಿಯುತ್ತವೆ, ಉಳಿದವು ನಿಂತಲ್ಲೇ ನಿಂತಿರುತ್ತವೆ. ಬಾಸ್, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರ, ಮೊದಲು ಜಿ, ಆಮೇಲೆ ಎಫ್ ಶಾರ್ಪ್, ಎಫ್, ಇ. ನಡುವೆ ಹುಟ್ಟುವ ಪ್ರತಿ ಕಾರ್ಡ್‌ಗೂ ರೋಮನ್ ಅಂಕಿ (ಕಾರ್ಡ್‌ನ ಸ್ಥಾನ ಹೇಳುವ ಗುರುತು) ಹಚ್ಚುವುದು ನನ್ನ ಮಟ್ಟಿಗೆ ಸುಮ್ನೆ ದಂಡ. ಯಾವ ಸ್ವರ ಇಳಿಯಿತೋ ಅದಕ್ಕೊಂದು ಪೆನ್ಸಿಲ್ ಬಾಣ ಹಾಕಿದೆ. ಸಂಗೀತ ಕಾಲೂರಿ ನಿಲ್ಲುವ ಕಡೆ ಮಾತ್ರ ಹೆಸರು ಬರೆದೆ.

ಅಂಥ ಜಾಗಗಳು ಕೆಲವೇ. 12ನೇ ಬಾರ್‌ನಲ್ಲಿ ಡಾಮಿನೆಂಟ್ (ಮನೆಯಾದ ಇ ಕಡೆಗೆ ಎಳೆಯುವ ಕಾರ್ಡ್) ಆದ ಬಿ ಕಾರ್ಡ್. ಅರ್ಧ ಕಥೆ ಅಲ್ಲಿಗೆ ಮುಗಿಯಿತು. 13ರಲ್ಲಿ ಮತ್ತೆ ಮೊದಲಿನಂತೆಯೇ ಶುರು. ಈ ಸಲ 16, 17ರ ಹೊತ್ತಿಗೆ ಅವಸರ ಜಾಸ್ತಿಯಾಗಿ ದನಿ ಏರುತ್ತದೆ. 21ರಲ್ಲಿ ಇನ್ನೇನು ಇ ಮೈನರ್‌ಗೆ ಬಂದೆವು ಅನ್ನುವಾಗ ಬಾಸ್ ಸಿ ಸ್ವರಕ್ಕೆ ಜಾರಿಕೊಳ್ಳುತ್ತದೆ.

ನಾನು ಹೆಚ್ಚು ಹೊತ್ತು ಕೂತದ್ದು 23ನೇ ಬಾರ್ ಮುಂದೆ. ಶೋಪನ್ ಬಾಸ್‌ನಲ್ಲಿ ಬಿ ಫ್ಲ್ಯಾಟ್ ಬರೆದಿದ್ದಾನೆ. ಕಣ್ಣಿಗೆ ಅಲ್ಲಿರುವುದು ಸಿ ಸೆವೆಂತ್, ಅಂದರೆ ಸಿ ಮೇಲೆ ಕಟ್ಟಿದ ನಾಲ್ಕು ಸ್ವರದ ಕಾರ್ಡ್. ಅದರ ವಾಡಿಕೆಯ ದಾರಿ ಎಫ್ ಕಡೆಗೆ. ಆದರೆ ಒಂದು ಮೌನದ ನಂತರ ಬಾಸ್ ಅರ್ಧ ಸ್ವರ ಮೇಲೇರಿ ಬಿ ಸ್ವರಕ್ಕೆ ಹೋಗುತ್ತದೆ. ಅಂದರೆ ಕಿವಿಗೆ ಆ ಬಿ ಫ್ಲ್ಯಾಟ್ ನಿಜಕ್ಕೂ ಎ ಶಾರ್ಪ್ (ಅದೇ ಕೀಲಿ, ಇನ್ನೊಂದು ಹೆಸರು), ಇಡೀ ಕಾರ್ಡ್ ಜರ್ಮನ್ ಸಿಕ್ಸ್ತ್ (ಡಾಮಿನೆಂಟ್ ಕಡೆಗೆ ಎಳೆಯುವ ಕಾರ್ಡ್). ನಾನು ಎರಡೂ ಹೆಸರು ಬರೆದಿಟ್ಟೆ. ಅಷ್ಟು ಹೊತ್ತು ಇಳಿಜಾರಿನಲ್ಲೇ ನಡೆದು ಬಂದವರಿಗೆ ಆ ಒಂದು ಮೆಟ್ಟಿಲು ಏರಿಕೆ ಚೆನ್ನಾಗಿಯೇ ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಾಣಗಳನ್ನು ಹಿಂದಿನಿಂದ ಓದಿದಾಗ ಸಿಕ್ಕಿತು. ಮೊದಲ ಕಾರ್ಡ್ ಇ ಮೈನರ್ ಹೌದು, ಆದರೆ ಕೆಳಗಿರುವುದು ಜಿ. ಇ ಸ್ವರವೇ ತಳದಲ್ಲಿರುವ ಇ ಮೈನರ್ ಕಾರ್ಡ್ ಬರುವುದು 25ನೇ ಬಾರ್‌ನಲ್ಲಿ ಮಾತ್ರ. ಇದು ತಿಳಿದ ಮೇಲೆ 12ರಲ್ಲಿ ವೇಗ ತಗ್ಗಿಸುವುದನ್ನು ಬಿಟ್ಟೆ. ಈಗ ಆ ನಿಧಾನವನ್ನೆಲ್ಲ 23ರ ಮೌನಕ್ಕೇ ಇಟ್ಟುಕೊಳ್ಳುತ್ತೇನೆ.